ಬಣ್ಣ ಹೊಡೆಸಿದ ಮೇಲೆ ಕಪಾಟಿಗೆ ಮರಳದ ವಸ್ತುಗಳು

ಹಜಾರದ ಗೋಡೆಗೆ ಬಣ್ಣ ಹೊಡೆಯುವವರು ಬರುವ ಹಿಂದಿನ ರಾತ್ರಿ, ಕಪಾಟಿನ ಮೇಲಿದ್ದ, ಗೋಡೆಗೆ ತೂಗುಹಾಕಿದ್ದ, ಟೀಪಾಯಿಯ ಮೇಲೆ ಹರಡಿಕೊಂಡಿದ್ದ ಅಲಂಕಾರದ ವಸ್ತುಗಳನ್ನೆಲ್ಲ ಇಳಿಸಿ, ಒಳಕೋಣೆಯ ನೆಲಕ್ಕೆ ಹಳೆಯ ದಿನಪತ್ರಿಕೆ ಹಾಸಿ ಅದರ ಮೇಲೆ ಸಾಲಾಗಿ ಇಟ್ಟೆ. ಎಣಿಸಿದರೆ 41 ಇದ್ದವು. ಆರು ಹೂದಾನಿಗಳು, ಒಂಬತ್ತು ಚೌಕಟ್ಟುಗಳು, ಎರಡು ಹಿತ್ತಾಳೆಯ ಕುದುರೆಗಳು, ಒಂದು ಕಾಲು ಮುರಿದ ಮರದ ಕೊಕ್ಕರೆ, ಯಾವುದೋ ಕಡಲತೀರದಲ್ಲಿ ಆಯ್ದ ಕಲ್ಲುಗಳು ತುಂಬಿದ ಗಾಜಿನ ಜಾಡಿ, ಎಂದೂ ಬತ್ತಿಯನ್ನು ಕಾಣದ ಮೂರು ಮೇಣದಬತ್ತಿಯ ಸ್ಟ್ಯಾಂಡುಗಳು, ಹೀಗೆ. ಪ್ರತಿಯೊಂದೂ ನಾನೇ ಆರಿಸಿ ತಂದದ್ದು ಅಥವಾ ಯಾರೋ ಪ್ರೀತಿಯಿಂದ ಕೊಟ್ಟದ್ದು. ಆದರೂ ಅಷ್ಟನ್ನೂ ಒಮ್ಮೆಗೇ ಕಂಡಾಗ, ಇವೆಲ್ಲ ಒಂದೇ ಕೋಣೆಯಲ್ಲಿ ಇಷ್ಟು ದಿನ ಹೇಗೆ ಹಿಡಿಸಿದ್ದವೆಂಬುದೇ ಅರ್ಥವಾಗಲಿಲ್ಲ.

ಬಣ್ಣ ಒಣಗಿ ಎರಡು ವಾರ ಕಳೆದರೂ ನಾನು ಒಂದನ್ನೂ ವಾಪಸು ಇಡಲಿಲ್ಲ. ಮೊದಲು ಅದಕ್ಕೆ ಕಾರಣ ಸೋಮಾರಿತನ, ಆಮೇಲೆ ಕುತೂಹಲ. ಬರಿದಾದ ಕೋಣೆಯಲ್ಲಿ ಕುಳಿತಾಗ ಬೆಳಗಿನ ಬಿಸಿಲು ಯಾವ ಗೋಡೆಯ ಮೇಲೆ ಎಲ್ಲಿಯವರೆಗೆ ಏರುತ್ತದೆ, ಬಾಗಿಲು ತೆರೆದು ಒಳಗೆ ಬಂದವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಸೋಫಾದ ಮೇಲಿನ ಗೋಡೆ ಎಷ್ಟು ಅಗಲವಿದೆ ಎಂಬುದು ಮೊದಲ ಬಾರಿಗೆ ಕಾಣಿಸತೊಡಗಿತು. ಅಲ್ಲಿಯವರೆಗೆ ನಾನು ವಸ್ತುವನ್ನು ಮೊದಲು ಕೊಂಡು, ಮನೆಗೆ ತಂದ ಮೇಲೆ ಅದಕ್ಕೊಂದು ಜಾಗ ಹುಡುಕುತ್ತಿದ್ದೆ. ಅಂಗಡಿಯಲ್ಲಿ ಕಣ್ಸೆಳೆದ ಹೂದಾನಿ ಮನೆಗೆ ಬಂದು, ಎಲ್ಲಿ ಸ್ವಲ್ಪ ಜಾಗ ಉಳಿದಿದೆಯೋ ಅಲ್ಲಿ ಕುಳಿತುಬಿಡುತ್ತಿತ್ತು. ಈ ಬಾರಿ ಕ್ರಮವನ್ನು ತಿರುಗಿಸಿ, ಜಾಗವನ್ನು ಮೊದಲು ನೋಡಿ, ಅದು ಏನನ್ನು ಕೇಳುತ್ತದೆಂದು ತಿಳಿದುಕೊಂಡ ಮೇಲೆ ನೆಲದ ಮೇಲಿನ ಸಾಲಿನಿಂದ ಒಂದೊಂದನ್ನೇ ಎತ್ತಿಕೊಳ್ಳಬೇಕೆಂದು ನಿಶ್ಚಯಿಸಿದೆ. ಮುಂದೆ ಬರೆದಿರುವುದೆಲ್ಲ ಆ ಕೆಲಸ ಮಾಡುತ್ತ ಕಲಿತದ್ದು.

ಗೋಡೆಯಿಂದಲೇ ಆರಂಭಿಸಿದೆ. ಬಹುತೇಕ ಮನೆಗಳಲ್ಲಿ ಚಿತ್ರ ಎಲ್ಲಿರಬೇಕೆಂಬುದನ್ನು ಮನೆಯವರು ತೀರ್ಮಾನಿಸುವುದಿಲ್ಲ, ಹಿಂದೆ ಯಾರೋ ಹೊಡೆದುಹೋದ ಮೊಳೆ ತೀರ್ಮಾನಿಸುತ್ತದೆ. ನಮ್ಮ ಹಜಾರದಲ್ಲಿಯೂ ಹಾಗೆಯೇ ಆಗಿತ್ತು. ಆಳೆತ್ತರಕ್ಕಿಂತ ಮೇಲೆ ಒಂದು ಗಟ್ಟಿ ಮೊಳೆ ಇತ್ತೆಂಬ ಒಂದೇ ಕಾರಣಕ್ಕೆ ಒಂದು ಒಳ್ಳೆಯ ಭೂದೃಶ್ಯದ ಚಿತ್ರ ವರ್ಷಗಟ್ಟಲೆ ಛಾವಣಿಯ ಹತ್ತಿರ ತೂಗಿಕೊಂಡಿತ್ತು; ಅದನ್ನು ನೋಡಬೇಕಾದರೆ ಕತ್ತೆತ್ತಬೇಕಾಗಿತ್ತು, ಹಾಗಾಗಿ ಯಾರೂ ನೋಡುತ್ತಿರಲಿಲ್ಲ. ಕಲಾ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಬಿಂದು ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿರುವಂತೆ ತೂಗುಹಾಕುತ್ತಾರೆ, ಏಕೆಂದರೆ ನಿಂತವರ ಕಣ್ಣಿನ ಮಟ್ಟ ಹೆಚ್ಚು ಕಡಿಮೆ ಅಲ್ಲಿರುತ್ತದೆ. ಮನೆಯಲ್ಲಿ ನಾವು ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚಾದ್ದರಿಂದ, ಕುಳಿತು ನೋಡುವ ಜಾಗಗಳಲ್ಲಿ ಅದಕ್ಕಿಂತ ತುಸು ಕೆಳಗಿದ್ದರೂ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ. ಸೋಫಾದ ಮೇಲಾದರೆ ಬೆನ್ನೊರಗಿನ ಅಂಚಿಗೂ ಚೌಕಟ್ಟಿನ ಕೆಳ ಅಂಚಿಗೂ 15ರಿಂದ 20 ಸೆಂಟಿಮೀಟರ್ ಅಂತರವಿದ್ದರೆ ಎರಡೂ ಒಂದೇ ಗುಂಪಿಗೆ ಸೇರಿದಂತೆ ಕಾಣುತ್ತವೆ; ಅಂತರ ಹೆಚ್ಚಿದಷ್ಟೂ ಚಿತ್ರವು ಸೋಫಾದ ನಂಟು ಕಡಿದುಕೊಂಡು ಗೋಡೆಯಲ್ಲಿ ತೇಲತೊಡಗುತ್ತದೆ. ಅಗಲದ ಲೆಕ್ಕವೂ ಇದೆ. ಸೋಫಾ 180 ಸೆಂಟಿಮೀಟರ್ ಇದ್ದರೆ ಅದರ ಮೇಲಿನ ಚಿತ್ರ, ಅಥವಾ ಒಟ್ಟಿಗೆ ಸೇರಿಸಿದ ಹಲವು ಚಿತ್ರಗಳ ಗುಂಪು, ಅದರ ಮೂರನೆಯ ಎರಡು ಭಾಗದಷ್ಟು, ಅಂದರೆ ಸುಮಾರು 120 ಸೆಂಟಿಮೀಟರ್ ಇದ್ದರೆ ಚೆನ್ನ. ನನ್ನ ಭೂದೃಶ್ಯ 50 ಸೆಂಟಿಮೀಟರ್ ಅಗಲದ್ದು. ಅದು ಅಲ್ಲಿ ಅಂಚೆಚೀಟಿಯಂತೆ ಕಾಣುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಮೊಳೆ ಹೊಡೆಯುವ ಮುನ್ನ ಚೌಕಟ್ಟಿನ ಅಳತೆಗೆ ದಿನಪತ್ರಿಕೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡುವುದು ನಾನು ಕಂಡುಕೊಂಡ ಅತಿ ಅಗ್ಗದ, ಅತಿ ಉಪಯುಕ್ತ ಉಪಾಯ. ಬಣ್ಣಕ್ಕೆ ಹಾನಿಯಾಗದಂತೆ ಬಣ್ಣ ಹೊಡೆಯುವವರು ಅಂಚಿಗೆ ಬಳಸುವ ಕಾಗದದ ಅಂಟುಪಟ್ಟಿಯನ್ನೇ ಬಳಸಬೇಕು, ಅಷ್ಟೆ. ಆಮೇಲೆ ಮೊಳೆಯ ಎತ್ತರ. ಚೌಕಟ್ಟಿನ ಹಿಂದೆ ತಂತಿಯಿದ್ದರೆ ಮೊಳೆಯ ಜಾಗವೂ ಚಿತ್ರದ ನಡುಬಿಂದುವೂ ಒಂದೇ ಆಗಿರುವುದಿಲ್ಲವೆಂಬುದನ್ನು ನಾನು ಗೋಡೆಗೆ ಒಂದು ಬೇಡದ ತೂತು ಕೊರೆದ ಮೇಲೆ ಅರಿತೆ. ತಂತಿಯನ್ನು ನಡುವಿನಲ್ಲಿ ಬೆರಳಿನಿಂದ ಬಿಗಿಯಾಗಿ ಮೇಲಕ್ಕೆ ಎಳೆದು, ಆ ಬಿಂದುವಿನಿಂದ ಚೌಕಟ್ಟಿನ ಮೇಲಂಚಿಗೆ ಎಷ್ಟು ದೂರವೆಂದು ಅಳೆಯಬೇಕು. ನಡುಬಿಂದು 147 ಸೆಂಟಿಮೀಟರಿನಲ್ಲಿ ಬರಬೇಕು, ಚೌಕಟ್ಟು 60 ಸೆಂಟಿಮೀಟರ್ ಎತ್ತರವಿದೆ, ಬಿಗಿದ ತಂತಿ ಮೇಲಂಚಿನಿಂದ 8 ಸೆಂಟಿಮೀಟರ್ ಕೆಳಗಿದೆ ಎಂದಾದರೆ, 147ಕ್ಕೆ ಅರ್ಧ ಎತ್ತರವಾದ 30 ಕೂಡಿಸಿ 8 ಕಳೆದಾಗ ಬರುವ 169 ಸೆಂಟಿಮೀಟರಿನಲ್ಲಿ ಮೊಳೆ ಬರಬೇಕು. ಭಾರದ ಚೌಕಟ್ಟಿಗೆ ಒಂದರ ಬದಲು ಎರಡು ಮೊಳೆಗಳನ್ನು ಅಕ್ಕಪಕ್ಕ ಹೊಡೆದರೆ ಬಾಗಿಲು ಬಡಿದಾಗಲೆಲ್ಲ ಚಿತ್ರ ಓರೆಯಾಗುವ ಕಾಟವೂ ತಪ್ಪುತ್ತದೆ.

ಒಂಬತ್ತು ಚೌಕಟ್ಟುಗಳಲ್ಲಿ ಐದು ಗೋಡೆಗೆ ಮರಳಿದವು. ನಡುವೆ 6 ಸೆಂಟಿಮೀಟರ್ ಬಿಟ್ಟು ಅವನ್ನು ಒಂದೇ ಗುಂಪಾಗಿ ತೂಗುಹಾಕಿದೆ.

ಕಪಾಟಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ, ಏಕೆಂದರೆ ಅಲ್ಲಿ ಅಳತೆಪಟ್ಟಿ ಸಹಾಯಕ್ಕೆ ಬರುವುದು ಸ್ವಲ್ಪವೇ. ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದವನು ಇಟಲಿಯ ಬೊಲೋನ್ಯಾ ನಗರದ ಚಿತ್ರಕಾರ ಜಾರ್ಜೊ ಮೊರಾಂಡಿ. 1890ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡ ಈತ ತನ್ನ ಬದುಕಿನ ಬಹುಭಾಗವನ್ನು ಒಂದಷ್ಟು ಸೀಸೆ, ಹೂಜಿ, ಡಬ್ಬಿ, ಬಟ್ಟಲುಗಳನ್ನು ಮೇಜಿನ ಮೇಲೆ ಜೋಡಿಸಿ ಚಿತ್ರಿಸುವುದರಲ್ಲಿ ಕಳೆದ. ವಸ್ತುಗಳು ಅವೇ, ಮೇಜೂ ಅದೇ; ಬದಲಾಗುತ್ತಿದ್ದದ್ದು ಅವುಗಳ ನಡುವಿನ ಅಂತರ ಮಾತ್ರ. ಮೇಜಿಗೆ ಹಾಸಿದ ಕಾಗದದ ಮೇಲೆ ಪ್ರತಿ ವಸ್ತುವಿನ ತಳದ ಗುರುತನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ, ಹೊಳಪು ಕಣ್ಣಿಗೆ ರಾಚದಿರಲೆಂದು ಕೆಲವು ಸೀಸೆಗಳಿಗೆ ಬಣ್ಣ ಬಳಿಯುತ್ತಿದ್ದ, ಅವುಗಳ ಮೇಲೆ ಕುಳಿತ ಧೂಳನ್ನೂ ಒರೆಸುತ್ತಿರಲಿಲ್ಲ. ಧೂಳಿನ ವಿಷಯದಲ್ಲಿ ಆತನನ್ನು ಅನುಸರಿಸಬೇಕಾಗಿಲ್ಲ. ಆದರೆ ಆತನ ಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ: ಎರಡು ಸೀಸೆಗಳು ಒಂದನ್ನೊಂದು ಪೂರ್ತಿ ಮುಟ್ಟಿಕೊಂಡಿರುತ್ತವೆ ಅಥವಾ ನಡುವೆ ನಿಚ್ಚಳವಾದ ಸಂದು ಇರುತ್ತದೆ, ಇಲ್ಲವೇ ಒಂದರ ಮುಂದೆ ಇನ್ನೊಂದು ಬಂದು ಅದರ ಅರ್ಧವನ್ನು ಮರೆಮಾಡುತ್ತದೆ.

ನನ್ನ ಕಪಾಟಿನಲ್ಲಿ ಈ ಮೂರೂ ಇರಲಿಲ್ಲ. ಎಲ್ಲವೂ ಸಮಾನ ಅಂತರದಲ್ಲಿ, ಒಂದೇ ಸಾಲಿನಲ್ಲಿ, ಕವಾಯತಿಗೆ ನಿಂತಂತೆ ನಿಂತಿದ್ದವು. ಅದನ್ನು ಮುರಿಯಲು ಮೊದಲು ಎತ್ತರದ ಒಂದು ಹೂದಾನಿಯನ್ನು ಗೂಡಿನ ಹಿಂಭಾಗದಲ್ಲಿ, ನಡುವಿನಿಂದ ಸ್ವಲ್ಪ ಎಡಕ್ಕೆ ಇಟ್ಟೆ. ಅದರ ಮುಂದೆ ಅರ್ಧದಷ್ಟು ಎತ್ತರದ ಮಣ್ಣಿನ ಕುಡಿಕೆಯೊಂದನ್ನು, ಹೂದಾನಿಯ ಹೊಟ್ಟೆಯನ್ನು ಕೊಂಚ ಮರೆಸುವಂತೆ ಇರಿಸಿದೆ. ಬಲಕ್ಕೆ ಮೂರು ಪುಸ್ತಕಗಳನ್ನು ಅಡ್ಡಲಾಗಿ ಮಲಗಿಸಿ, ಅವುಗಳ ಮೇಲೆ ಹಿತ್ತಾಳೆಯ ಒಂದು ಕುದುರೆಯನ್ನು ನಿಲ್ಲಿಸಿದೆ. ಎರಡನೆಯ ಕುದುರೆಯನ್ನೂ ತಂದು ಎದುರುಬದುರಾಗಿ ನಿಲ್ಲಿಸಿದಾಗ ಇಡೀ ಗೂಡು ಮತ್ತೆ ಕವಾಯತಿನ ಮೈದಾನವಾಯಿತು; ಅದು ನೆಲಕ್ಕೆ ಮರಳಿತು. ಬೆಸ ಸಂಖ್ಯೆಯಲ್ಲಿ ಜೋಡಿಸಬೇಕು, ಮೂರಾದರೆ ಚೆನ್ನ, ಐದಾದರೆ ಇನ್ನೂ ಚೆನ್ನ ಎಂಬ ಮಾತನ್ನು ಒಳಾಂಗಣ ಅಲಂಕಾರದ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಅದರಲ್ಲಿ ಹುರುಳಿದೆ, ಎರಡು ಸಮಾನ ವಸ್ತುಗಳಿದ್ದಾಗ ಕಣ್ಣು ಅವೆರಡರ ನಡುವಿನ ಖಾಲಿ ಜಾಗದಲ್ಲಿ ನಿಂತುಬಿಡುತ್ತದೆ, ಮೂರನೆಯದಿದ್ದರೆ ಒಂದರಿಂದ ಒಂದಕ್ಕೆ ಸುತ್ತುತ್ತದೆ. ಆದರೂ ಸಂಖ್ಯೆಗಿಂತ ಎತ್ತರದ ವ್ಯತ್ಯಾಸ ಮುಖ್ಯವೆಂದು ನನಗೆ ತೋರಿತು. ಕೆಳಗಿನ ಗೂಡಿನಲ್ಲಿ ನಾಲ್ಕು ವಸ್ತುಗಳಿವೆ, ಅವು ಬಹಳ ಚೆನ್ನಾಗಿಯೇ ಇವೆ.

ಹಿನ್ನೆಲೆಯನ್ನೂ ಗಮನಿಸಬೇಕು. ಕಂದು ಬಣ್ಣದ ಕಪಾಟಿನಲ್ಲಿ ಕಂದು ಮರದ ಕೊಕ್ಕರೆ ಇದ್ದೂ ಇಲ್ಲದಂತಿತ್ತು. ಅದೇ ಕೊಕ್ಕರೆಯನ್ನು ಬಿಳಿ ಗೋಡೆಯ ಎದುರು, ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಾಗ ಅದರ ಕೊರಳಿನ ಬಾಗು, ಕೊಕ್ಕಿನ ಕೆಳಗೆ ಉಳಿ ಜಾರಿದ ಒಂದು ಸಣ್ಣ ಗೀರು, ಮುರಿದ ಕಾಲಿನ ಜಾಗದಲ್ಲಿ ತೋರುವ ಮರದ ತಿಳಿ ಬಣ್ಣ ಎಲ್ಲವೂ ಕಂಡವು. ಹತ್ತು ವರ್ಷಗಳಿಂದ ನಮ್ಮಲ್ಲಿರುವ ಆ ಹಕ್ಕಿಯ ರೆಕ್ಕೆಯಲ್ಲಿ ಗರಿಗಳನ್ನು ಕೊರೆದಿದ್ದಾರೆಂಬುದು ನನಗೆ ಗೊತ್ತಿರಲಿಲ್ಲ.

ಬಣ್ಣದ ವಿಷಯದಲ್ಲಿ ನಾನು ಮೋಸಹೋದದ್ದು ಕುಶನ್‌ಗಳಲ್ಲಿ. ಅಂಗಡಿಯಲ್ಲಿ ಅಪ್ಪಟ ಬೂದುಬಣ್ಣವೆಂದು ನೋಡಿ ತಂದ ನಾಲ್ಕು ಕುಶನ್ ಕವರುಗಳು ಮನೆಯ ಹಳದಿ ಸೋಫಾದ ಮೇಲೆ ಕುಳಿತ ಕೂಡಲೇ ನಸುನೇರಳೆಯಾಗಿ ಕಾಣತೊಡಗಿದವು. ಬೇರೆಯದನ್ನು ಕಟ್ಟಿಕೊಟ್ಟಿದ್ದಾರೆಂದು ಬಿಲ್ಲು ಹಿಡಿದು ವಾಪಸು ಹೋದೆ. ಅಂಗಡಿಯ ಮೇಜಿನ ಮೇಲೆ ಅವು ಮತ್ತೆ ಬೂದುಬಣ್ಣದವೇ. ಈ ಮುಜುಗರಕ್ಕೆ ದೊಡ್ಡ ಪೂರ್ವಿಕರಿದ್ದಾರೆಂದು ಆಮೇಲೆ ತಿಳಿದು ಸಮಾಧಾನವಾಯಿತು. ಪ್ಯಾರಿಸಿನ ಗೋಬ್ಲಾಂ ಚಿತ್ರಕಂಬಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿ 1824ರಲ್ಲಿ ನೇಮಕಗೊಂಡ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್‌ನ ಮುಂದೆ, ನೀಲಿ ಮತ್ತು ನೇರಳೆ ನೇಯ್ಗೆಯಲ್ಲಿ ನೆರಳು ತೋರಿಸಲು ಬಳಸುವ ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಬಂದಿತ್ತು. ಆತ ನೂಲನ್ನು ಪರೀಕ್ಷಿಸಿದಾಗ ಅದರ ಕಪ್ಪಿನಲ್ಲಿ ಯಾವ ದೋಷವೂ ಕಾಣಲಿಲ್ಲ. ದೋಷವಿದ್ದದ್ದು ನೆರೆಯ ಬಣ್ಣದಲ್ಲಿ. ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ತಮ್ಮ ವಿರುದ್ಧ ಬಣ್ಣದ ಛಾಯೆಯನ್ನು ಹಾಯಿಸಿದಂತೆ ನಮ್ಮ ಕಣ್ಣಿಗೆ ತೋರುತ್ತದೆಂಬುದನ್ನು ಆತ 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ. ಹಳದಿಯ ವಿರುದ್ಧ ಬಣ್ಣ ನೇರಳೆಯಾದ್ದರಿಂದ ಹಳದಿಯ ಮಡಿಲಲ್ಲಿ ಕುಳಿತ ಬೂದು ನೇರಳೆಯತ್ತ ವಾಲುತ್ತದೆ. ಈಗ ನಾನು ಮನೆಯ ಸೋಫಾದ ಬಟ್ಟೆಯ ತುಂಡೊಂದನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ, ಸಾಧ್ಯವಾದರೆ ಒಂದೇ ಕವರನ್ನು ಮೊದಲು ತಂದು ಬೆಳಗ್ಗೆಯೂ ರಾತ್ರಿಯೂ ನೋಡಿದ ಮೇಲೆ ಉಳಿದವನ್ನು ತರುತ್ತೇನೆ.

ರಾತ್ರಿಯೂ ನೋಡಬೇಕೆಂದದ್ದು ಬಲ್ಬಿನ ಕಾರಣದಿಂದ. ನಮ್ಮ ಹಜಾರದಲ್ಲಿ 6500 ಕೆಲ್ವಿನ್‌ನ ಎಲ್‌ಇಡಿ ಬಲ್ಬುಗಳಿದ್ದವು. ನೀಲಿ ಬೆರೆತ ಆ ಬಿಳಿ ಬೆಳಕಿನಲ್ಲಿ ಮಣ್ಣಿನ ಕುಡಿಕೆ ನಿಸ್ತೇಜವಾಗಿಯೂ ಹಿತ್ತಾಳೆಯ ಕುದುರೆ ತಗಡಿನಂತೆಯೂ ಕಾಣುತ್ತಿದ್ದವು. ಅವನ್ನು ತೆಗೆದು 2700 ಕೆಲ್ವಿನ್‌ನ, ನಸುಹಳದಿ ಬೆಳಕಿನ ಬಲ್ಬುಗಳನ್ನು ಹಾಕಿದಾಗ ಒಂದು ಹೊಸ ವಸ್ತುವನ್ನೂ ಕೊಳ್ಳದೆ ಅರ್ಧ ಅಲಂಕಾರ ಮುಗಿದಿತ್ತು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿಯಿರುತ್ತದೆ. ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆಂಬುದರ ಅಳತೆಯದು. 100 ಅದರ ಗರಿಷ್ಠ. 80ರ ಬಲ್ಬು ಓಡಾಟಕ್ಕೆ ಸಾಕು, ಆದರೆ ಚಿತ್ರ, ಬಟ್ಟೆ, ಮರದ ಸಾಮಾನು ಇರುವೆಡೆ 90ಕ್ಕಿಂತ ಹೆಚ್ಚಿನದನ್ನು ಹಾಕಿದರೆ ಕೆಂಪು ಮತ್ತು ಕಂದು ಬಣ್ಣಗಳು ಜೀವ ಪಡೆಯುತ್ತವೆ. ಛಾವಣಿಯ ಒಂದೇ ದೀಪದಿಂದ ನೆರಳೆಲ್ಲ ಕೆಳಗೆ ಬಿದ್ದು ವಸ್ತುಗಳು ಚಪ್ಪಟೆಯಾಗುತ್ತವೆ. ಪಕ್ಕದಲ್ಲೊಂದು ಶೇಡ್ ಇರುವ ಮೇಜುದೀಪವಿದ್ದರೆ ಕುಡಿಕೆಗೂ ಒಂದು ಹೊಟ್ಟೆಯಿದೆಯೆಂದು ತಿಳಿಯುತ್ತದೆ.

ಕನ್ನಡಿಯ ಬಗ್ಗೆ ಎಲ್ಲರೂ ಹೇಳುವುದು ಅದು ಕೋಣೆಯನ್ನು ದೊಡ್ಡದಾಗಿ ತೋರಿಸುತ್ತದೆಂದು. ಕನ್ನಡಿ ತನ್ನ ಎದುರಿಗಿರುವುದನ್ನು ಎರಡಾಗಿಸುತ್ತದೆ ಎಂದರೆ ಇನ್ನೂ ಸರಿ. ನಮ್ಮ ಹಜಾರದ ದುಂಡು ಕನ್ನಡಿ ಬಾಗಿಲ ಬಳಿಯ ಚಪ್ಪಲಿ ಗೂಡನ್ನು ಎರಡಾಗಿಸಿ, ಸೋಫಾದಲ್ಲಿ ಕುಳಿತವರಿಗೆ ಇಡೀ ದಿನ ತೋರಿಸುತ್ತಿತ್ತು. ತೂಗುಹಾಕುವ ಮೊದಲು ಒಬ್ಬರು ಕನ್ನಡಿಯನ್ನು ಹಿಡಿದು ನಿಂತು, ಇನ್ನೊಬ್ಬರು ಪ್ರತಿ ಆಸನದಲ್ಲಿಯೂ ಕುಳಿತು ಏನು ಕಾಣುತ್ತದೆಂದು ನೋಡಿದರೆ ಈ ತೊಂದರೆ ತಪ್ಪುತ್ತದೆ. ಈಗ ಅದು ಕಿಟಕಿಗೆ ಓರೆಯಾಗಿ, ಹೊರಗಿನ ಮರದ ಒಂದು ಕೊಂಬೆಯನ್ನು ಒಳಗೆ ತರುವಂತೆ ಇದೆ. ನೇರ ಬಿಸಿಲು ಬೀಳುವ ಜಾಗ ಮಾತ್ರ ಬೇಡ. ಮುಖ ನೋಡುವ ಕೆಲವು ಕನ್ನಡಿಗಳು ಒಳಬಾಗಿದವು, ನೀರು ತುಂಬಿದ ದುಂಡು ಗಾಜಿನ ಹೂದಾನಿಯೂ ಗಾಜಿನ ಗೋಳವೂ ಮಸೂರದಂತೆಯೇ ವರ್ತಿಸುತ್ತವೆ. ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಪರದೆಗೋ ಕಾಗದಕ್ಕೋ ಬೆಂಕಿ ಹೊತ್ತಿಸುವುದು ಅವಕ್ಕೆ ಸಾಧ್ಯ. ಕಿಟಕಿಯ ಕಟ್ಟೆಯ ಮೇಲಿದ್ದ ನನ್ನ ಗಾಜಿನ ಗೋಳವನ್ನು ಇದನ್ನು ತಿಳಿದ ದಿನವೇ ಒಳಗೆ ಸರಿಸಿದೆ.

ಬಿಸಿಲಿನ ಇನ್ನೊಂದು ಕೆಲಸ ಬಣ್ಣವನ್ನು ತಿನ್ನುವುದು. ಕಿಟಕಿಯ ಸಾಮಾನ್ಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಉಳಿದದ್ದು ಒಳಗೆ ಬರುತ್ತದೆ, ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಮಾಸಿಸುತ್ತದೆ. ಜಲವರ್ಣ ಚಿತ್ರ, ಹಳೆಯ ಬಟ್ಟೆ, ಛಾಯಾಚಿತ್ರಗಳಂಥ ಸೂಕ್ಷ್ಮ ವಸ್ತುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಡುವುದು ಇದಕ್ಕಾಗಿಯೇ. ಹಿರಿಯರ ಮೂಲ ಛಾಯಾಚಿತ್ರವಿದ್ದರೆ ಗೋಡೆಗೆ ಅದರ ಪ್ರತಿಯನ್ನು ಹಾಕಿ, ಮೂಲವನ್ನು ಕತ್ತಲಲ್ಲಿ ಜೋಪಾನ ಮಾಡುವುದು ಲೇಸು.

ವಸ್ತುವನ್ನು ಯಾವುದರಿಂದ ಮಾಡಿದ್ದಾರೆಂಬುದನ್ನು ಕೊಳ್ಳುವಾಗಲೇ ಕೇಳಬೇಕೆಂದು ನನಗೆ ಕಲಿಸಿದ್ದು ಊಟದ ಮೇಜಿನ ಮೇಲಿರುವ ಒಂದು ಬಿಳಿ ಉಂಗುರ. ಮೆರುಗು ಲೇಪಿಸದ ಮಣ್ಣಿನ ಹೂದಾನಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಬಿಟ್ಟಿದ್ದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ನೀರು ಜಿನುಗಿ ತಳದಲ್ಲಿ ನಿಂತು, ಮೇಜಿನ ಪಾಲಿಶಿನೊಳಗೆ ಇಳಿದಿತ್ತು. ಒಳಗೊಂದು ಗಾಜಿನ ಲೋಟವನ್ನು ಇಟ್ಟು ಅದರಲ್ಲಿ ನೀರು ಹಾಕಿದ್ದರೆ ಆಗುತ್ತಿತ್ತು. ಹಿತ್ತಾಳೆಯದೂ ಇಂಥದೇ ಕಥೆ. ಕೆಲವಕ್ಕೆ ತಯಾರಕರೇ ಪಾರದರ್ಶಕ ಲೇಪ ಕೊಟ್ಟಿರುತ್ತಾರೆ. ಕಿಲುಬು ಕಟ್ಟದಿರುವುದು ಆ ಲೇಪದಿಂದ. ನಾನು ಒಂದು ಕುದುರೆಯನ್ನು ಹೊಳಪುಪುಡಿ ಹಾಕಿ ತಿಕ್ಕಿ ಲೇಪವನ್ನು ಅಲ್ಲಲ್ಲಿ ಕಿತ್ತುಹಾಕಿದೆ, ಈಗ ಅದರ ಬೆನ್ನು ಮಾತ್ರ ಕಪ್ಪಾಗುತ್ತದೆ. ಕಪಾಟಿಗೆ ಮರಳಿದ್ದು ಇನ್ನೊಂದು ಕುದುರೆ.

ಇಷ್ಟೆಲ್ಲ ಓದಿದವರಿಗೆ ನಾನು ಬರಿಗೋಡೆಯ ಪಕ್ಷದವನೆಂದು ಅನ್ನಿಸಬಹುದು. ಹಾಗೇನಿಲ್ಲ. ಲಂಡನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ತಾನು ವಾಸಿಸುತ್ತಿದ್ದ ಮನೆಯನ್ನು ಶಿಲ್ಪ, ಚಿತ್ರ, ಕಲಶ, ಕಟ್ಟಡಗಳ ಮುರಿದ ತುಣುಕುಗಳಿಂದ ನೆಲದಿಂದ ಛಾವಣಿಯವರೆಗೆ ತುಂಬಿದ್ದ. ಅದನ್ನು ಹಾಗೆಯೇ ಉಳಿಸಬೇಕೆಂದು 1833ರಲ್ಲಿ ಬ್ರಿಟಿಷ್ ಸಂಸತ್ತಿನಿಂದ ಒಂದು ಕಾಯಿದೆಯನ್ನೇ ಮಾಡಿಸಿಕೊಂಡ. 1837ರಲ್ಲಿ ಆತ ತೀರಿಕೊಂಡ ಮೇಲೆ ಅದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅಷ್ಟು ಒತ್ತೊತ್ತಾಗಿದ್ದರೂ ಅಲ್ಲಿ ಗೊಂದಲವೆನಿಸದಿರುವುದಕ್ಕೆ ಕಾರಣ, ಬೆಳಕು ಎಲ್ಲಿಂದ ಬರಬೇಕೆಂಬುದನ್ನೂ ಉಬ್ಬುಗನ್ನಡಿಗಳು ಎಲ್ಲಿರಬೇಕೆಂಬುದನ್ನೂ ಆತನೇ ಯೋಚಿಸಿ ಕಟ್ಟಿದ್ದ. ತುಂಬಿದ ಮನೆಯೂ ಚೆಂದವೇ, ತುಂಬುವವರಿಗೆ ಆ ತಾಳ್ಮೆಯಿದ್ದರೆ, ಮತ್ತು ಧೂಳು ಒರೆಸಲು ಬೇರೆಯವರಿದ್ದರೆ. ನಮ್ಮಲ್ಲಿ ವಾರಕ್ಕೊಮ್ಮೆ 41 ವಸ್ತುಗಳನ್ನು ಎತ್ತಿ ಒರೆಸಿ ಇಳಿಸುವವನು ನಾನೊಬ್ಬನೇ.

ಕಷ್ಟವಾದದ್ದು ಉಡುಗೊರೆಗಳು. ಚೆನ್ನಾಗಿಲ್ಲವೆಂದು ನನಗೆ ಮೊದಲ ದಿನವೇ ಗೊತ್ತಿದ್ದ ಮೂರು ವಸ್ತುಗಳನ್ನು ಕೊಟ್ಟವರು ಮನೆಗೆ ಆಗಾಗ ಬರುವವರು. ಅವುಗಳಲ್ಲಿ ಎರಡನ್ನು ಒಂದು ಮರದ ಟ್ರೇಯಲ್ಲಿ, ಎಲೆ ತುಂಬಿದ ಒಂದು ಸಣ್ಣ ಕುಂಡದ ಜೊತೆಗೆ ಇಟ್ಟು ನೋಡಿದೆ. ಸುತ್ತಲೂ ಟ್ರೇಯ ಅಂಚು ಬಂದದ್ದರಿಂದ ಬೇರೆ ಬೇರೆ ಜಾತಿಯ ಆ ವಸ್ತುಗಳು ಒಂದೇ ಸಂಸಾರದವಂತೆ ಕಂಡವು. ಮೂರನೆಯದಕ್ಕೆ ಯಾವ ಟ್ರೇಯೂ ಸಹಾಯ ಮಾಡಲಿಲ್ಲ. ಅದನ್ನೂ ಉಳಿದ ಕೆಲವನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಪೆಟ್ಟಿಗೆಗೆ ಸೇರಿಸಿದ್ದೇನೆ. ಆರು ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ನಾಲ್ಕನ್ನು ಇಳಿಸಿ, ಕಪಾಟಿನಿಂದ ನಾಲ್ಕನ್ನು ಮೇಲೆ ಕಳಿಸುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ.

ಒಟ್ಟು 41ರಲ್ಲಿ ಈಗ ಹಜಾರದಲ್ಲಿರುವುದು 19. ಕಪಾಟಿನ ಮೇಲಿನ ಗೂಡು ಪೂರ್ತಿ ಖಾಲಿಯಿದೆ, ಅದನ್ನು ಹಾಗೆಯೇ ಬಿಡಲು ನನ್ನ ಕೈ ಇನ್ನೂ ಪಳಗಬೇಕು. ಛಾವಣಿಯ ಹತ್ತಿರದಿಂದ ಇಳಿದ ಭೂದೃಶ್ಯಕ್ಕೆ ಓಣಿಯಂಥ ನಡುಮನೆಯ ಗೋಡೆ ಸರಿಹೋದೀತೆಂದು ಅಲ್ಲಿ ಅದರ ಅಳತೆಯ ದಿನಪತ್ರಿಕೆಯನ್ನು ಅಂಟಿಸಿ ಹನ್ನೊಂದು ದಿನವಾಯಿತು. ಎಡಗಡೆಯ ಅಂಟು ಬಿಟ್ಟು ಕಾಗದದ ಮೂಲೆ ಮಡಚಿಕೊಂಡಿದೆ, ಹಾದುಹೋಗುವಾಗಲೆಲ್ಲ ನಾನದನ್ನು ಬೆರಳಿನಿಂದ ಒತ್ತಿ ಹೋಗುತ್ತೇನೆ. ಎತ್ತರ ಇನ್ನೊಂದು 5 ಸೆಂಟಿಮೀಟರ್ ಕಡಿಮೆಯಾಗಬೇಕೇನೋ.